ಐದು ಮಾರಿಗೆ ಒಂದು ಮೊಳ ಕಡಿಮೆ

ಹಗ್ಗದ ಬೀದಿ, ಕೊನೆಯ ಮನೆ
ಜನವರಿ ೧೧, ಭಾನುವಾರ

ಚಿರಂಜೀವಿ ಮಿಡತೆಗೆ,

ಅಕ್ಕನ ಆಶೀರ್ವಾದಗಳು. ಕ್ಷೇಮವಾಗಿದ್ದೀಯಾ? ನಿನ್ನ ಹೆಂಡತಿಯ ಮಂಡಿನೋವು ಹೇಗಿದೆ? ಮೆಟ್ಟಿಲನ್ನು ಅಡ್ಡಡ್ಡಲಾಗಿ ಇಳಿಯಲು ಹೇಳು, ನೋವು ಅರ್ಧ ಕಡಿಮೆಯಾಗುತ್ತದೆ. ನಿನ್ನ ಮಗ ಗುಂಡ ಸಿಗರೇಟು ಬಿಟ್ಟನೋ ಅಥವಾ ಮಹಡಿಯ ಮೇಲೆ ಹೋಗಿ ಸೇದುತ್ತಾನೋ? ಮೊಮ್ಮಗಳು ಗುಬ್ಬಿಗೆ ಮುಂದಿನ ಎರಡು ಹಲ್ಲು ಒಟ್ಟಿಗೇ ಬಿದ್ದು, ಮಾತಾಡಿದರೆ ಬರೀ ಗಾಳಿ ಬರುತ್ತದಂತೆ. ನಿನಗೂ ಆ ವಯಸ್ಸಿನಲ್ಲಿ ಹಾಗೇ ಆಗಿತ್ತು. ಮುದಿನಾಯಿಗೆ ಕಣ್ಣು ಪೂರ್ತಿ ಹೋಯಿತೆಂದು ಕೇಳಿ ಬೇಜಾರಾಯಿತು.

ಇದೆಲ್ಲ ಇವಳಿಗೆ ಯಾರು ಹೇಳಿದರು ಅಂತ ಹುಬ್ಬು ಗಂಟಿಕ್ಕಬೇಡ. ನಿನ್ನ ಕಾರು ಓಡಿಸುವವನು ನಮ್ಮ ಬೀದಿಯವನು, ನಾಲ್ಕನೆಯ ಮನೆ. ಅವನನ್ನು ಬೈಯಬೇಡ. ದೊಡ್ಡವರ ಮನೆಯ ಸುದ್ದಿ ಕೇಳುವ ಚಪಲದ ಮುದುಕಿ ಅಂದುಕೊಂಡಿದ್ದಾನೆ ಪಾಪ. ನಾನು ಯಾರು ಅಂತ ಅವನಿಗೆ ಗೊತ್ತಿಲ್ಲ.

ಕಾಗದ ತಡವಾಯಿತು, ಕ್ಷಮಿಸು. ಸ್ವಲ್ಪ ತಡವಲ್ಲ, ಐವತ್ತೊಂದು ವರ್ಷ. ನನ್ನ ಅಕ್ಷರವೂ ನಿನಗೆ ಹೊಸದಿರಬಹುದು. ಹಡಗು ನಿಲ್ಲುವ ಧಕ್ಕೆಗೆ ಬಂದ ಮರದ ಪೆಟ್ಟಿಗೆಗಳ ಮೇಲಿನ ಬರಹ ನೋಡಿ ನೋಡಿ ಕಲಿತದ್ದು. ಅದಕ್ಕೇ ನನ್ನ ಅಕ್ಷರಗಳೆಲ್ಲ ದಪ್ಪ, ಒಂದಕ್ಕೊಂದು ದೂರ ದೂರ. ಮಗುಚಬೇಡಿ, ಒದ್ದೆ ಮಾಡಬೇಡಿ, ಇವೆರಡೇ ನಾನು ಮೊದಲು ಓದಿದ ಮಾತುಗಳು. ಅಪ್ಪ ಅಮ್ಮ ಹೋದಾಗ ನನಗೆ ಹದಿನಾರು, ನಿನಗೆ ಒಂಬತ್ತು. ನಾನು ಹಗ್ಗ ಹೊಸೆದು ನಿನಗೆ ಸ್ಲೇಟು ಕೊಡಿಸಿದೆ. ನೀನು ಶಾಲೆಯಿಂದ ಬಂದು ಸ್ಲೇಟು ಎಸೆದು ಹುರಿಗಳ ಮೇಲೆ ಹಾರಿ ಹಾರಿ ದಾಟುತ್ತಿದ್ದೆ. ಮಿಡತೆ ಅನ್ನೋ ಹೆಸರು ಬಂದದ್ದು ಹಾಗೆ. ಎದುರಿಗೆ ಕೂರಿಸಿಕೊಂಡು ಗಂಟು ಹಾಕುವುದು ಕಲಿಸಿದೆ. ಈಗ ಭಾಷಣಗಳಲ್ಲಿ ‘ಇವು ಹಗ್ಗ ಹೊಸೆದ ಕೈಗಳು’ ಅಂತ ಅಂಗೈ ಎತ್ತಿ ತೋರಿಸುತ್ತೀಯಂತೆ. ಜನ ಚಪ್ಪಾಳೆ ತಟ್ಟುತ್ತಾರಂತೆ. ತಟ್ಟಲಿ. ನನ್ನ ಅಂಗೈ ತೋರಿಸಿದರೆ ಜನ ಡಾಕ್ಟರನ್ನು ಕರೆಯುತ್ತಾರೆ.

ಇಲ್ಲಿಯ ಸುದ್ದಿ ಕೇಳು. ಬೀದಿಯಲ್ಲಿ ಹಗ್ಗ ಹೊಸೆಯುವವಳು ಅಂತ ನಾನೊಬ್ಬಳೇ ಉಳಿದಿದ್ದೇನೆ, ಅದೂ ಹೂಕುಂಡ ತೂಗುಹಾಕುವವರಿಗೆ. ಬೀದಿ ಮಾತ್ರ ಹಾಗೇ ಇದೆ, ಗೆರೆ ಎಳೆದ ಹಾಗೆ ಮುನ್ನೂರು ಹೆಜ್ಜೆ ನೇರ. ಮೊನ್ನೆ ಕಾಫಿ ಅಂಗಡಿಯಲ್ಲಿ ಕೂತಿದ್ದ ಒಬ್ಬ, ‘ಎಷ್ಟು ಚೆನ್ನಾಗಿ ಪ್ಲ್ಯಾನ್ ಮಾಡಿದ್ದಾರೆ ನೋಡಿ’ ಅಂದ. ಪ್ಲ್ಯಾನೂ ಇಲ್ಲ ಮಣ್ಣೂ ಇಲ್ಲ. ಸೊಂಟಕ್ಕೆ ನಾರು ಕಟ್ಟಿಕೊಂಡು ಹಿಮ್ಮುಖವಾಗಿ ನಡೆಯುತ್ತ ಹೊಸೆಯುವವರು, ತಿರುವು ಇದ್ದರೆ ಬಿದ್ದು ಸಾಯುತ್ತಿದ್ದರು. ನಮ್ಮ ಅಪ್ಪನ ಬೆನ್ನು ಹೋದ ದಾರಿಯೇ ಈ ಬೀದಿ.

ಕೊಲ್ಲಿ ಗುರುತು ಸಿಗುವುದಿಲ್ಲ. ನಮ್ಮ ಕಾಲದಲ್ಲಿ ಅದು ಬಟ್ಟಲಿನ ಹಾಗಿತ್ತು, ಒಂದು ಕಡೆ ಮಾತ್ರ ಅಂಚು ಒಡೆದ ಬಟ್ಟಲು. ಆ ಒಡಕೇ ಅಳಿವೆ. ಅಲ್ಲಿಂದ ಹಡಗು ಒಳಗೆ ಬರಬೇಕು, ಬರಬೇಕೆಂದರೆ ಆಳ ನೋಡಬೇಕು. ನಿನ್ನ ಭಾವ ಮುಂದಿನ ದೋಣಿಯಲ್ಲಿ ನಿಂತು ಸೀಸದ ಗುಂಡು ಎಸೆದು, ಹಗ್ಗದ ಮೇಲೆ ಮಾರಿಗೊಂದರಂತೆ ಕಟ್ಟಿದ ಗುರುತುಪಟ್ಟಿ ನೋಡಿ ಕೂಗುತ್ತಿದ್ದರು. ಆರು ಮಾರು! ಐದೂವರೆ! ಎಂಥಾ ಗಂಟಲು ಅದು. ಇಲ್ಲಿ ಒಲೆ ಮುಂದೆ ಕೂತವಳಿಗೆ ಕೇಳುತ್ತಿತ್ತು, ಇಷ್ಟು ಹೊತ್ತಿಗೆ ಬರುತ್ತಾರೆ ಅಂತ ಗೊತ್ತಾಗುತ್ತಿತ್ತು. ಈಗ ಆ ಒಡಕೂ ಇಲ್ಲ, ಬಟ್ಟಲೂ ಇಲ್ಲ. ಸಿಮೆಂಟು ಹೊತ್ತು ಬಂದ ಹಡಗು ಆ ಒಡಕಿನಲ್ಲೇ ನೆಲಕಚ್ಚಿ ಕೂತಿತು, ಅದರ ಹಿಂದೆ ಹೂಳು ತುಂಬಿತು, ಹೂಳಿನ ಮೇಲೆ ನೀನು ಮಣ್ಣು ತುಂಬಿಸಿದೆ, ಮಣ್ಣಿನ ಮೇಲೆ ಇಪ್ಪತ್ತೆರಡು ಮಹಡಿ ಎದ್ದು ನಿಂತಿವೆ. ಹೊಸದಡ ಅಂತ ಹೆಸರು. ಹೊಸದಡದ ಜನಕ, ನೀನು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯಲ್ಲಿ ಕಲ್ಲಿನ ಮೇಲೆ ಅಕ್ಷರ ಕೆತ್ತುವವನೊಬ್ಬ ಇದ್ದಾನೆ. ಮೊನ್ನೆ ಅವನ ಅಂಗಡಿಗೆ ಹಗ್ಗ ಕೊಡಲು ಹೋದೆ. ಆಳೆತ್ತರದ ಕರಿಕಲ್ಲು ನಿಲ್ಲಿಸಿಕೊಂಡು ಕೆತ್ತುತ್ತಿದ್ದ. ‘ಓದಿ ಅಜ್ಜಿ, ತಪ್ಪಿದ್ದರೆ ಹೇಳಿ’ ಅಂದ. ಓದಿದೆ. ಮಾರ್ಚ್ ಒಂದನೆಯ ತಾರೀಕು ಹೊಸದಡಕ್ಕೆ ನಲವತ್ತು ತುಂಬುತ್ತದೆ, ಅದಕ್ಕೆ ಈ ಕಲ್ಲು. ಮೂರನೆಯ ಸಾಲಿಗೆ ಬಂದು ನಿಂತೆ. ‘ಹಗ್ಗದವಳೊಬ್ಬಳ ಅಜಾಗರೂಕತೆಯಿಂದಲೂ ಆಳ ಕೂಗುವವನ ಅಲಕ್ಷ್ಯದಿಂದಲೂ ಹಡಗು ಅಳಿವೆಯಲ್ಲಿ ನೆಲಕಚ್ಚಿತು. ಆ ದುರಂತವನ್ನೇ ವರವಾಗಿಸಿದ ದೂರದೃಷ್ಟಿಯ ಇಂಜಿನಿಯರರು...’

‘ತಪ್ಪಿದೆಯಾ ಅಜ್ಜಿ?’ ಅಂದ.

‘ಅಕ್ಷರ ತಪ್ಪಿಲ್ಲಪ್ಪ’ ಅಂದೆ.

ಮಿಡತೆ, ನಿನಗೆ ಮರೆತಿದ್ದರೆ ನೆನಪಿಸುತ್ತೇನೆ. ಆಳದ ಹಗ್ಗಕ್ಕೆ ಒಂದು ಕ್ರಮ ಇದೆ. ಹೊಸ ಹಗ್ಗವನ್ನು ಒಂದು ಹಗಲು ಒಂದು ರಾತ್ರಿ ಉಪ್ಪುನೀರಲ್ಲಿ ನೆನೆಹಾಕಬೇಕು. ನೀರು ಕುಡಿದು ಅದು ದಪ್ಪಗಾಗಿ ಗಿಡ್ಡವಾಗುತ್ತದೆ. ಒದ್ದೆಯಲ್ಲೇ ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿ, ಒದ್ದೆಯಲ್ಲೇ ಮಾರು ಅಳೆದು, ಗುರುತುಪಟ್ಟಿ ಕಟ್ಟಬೇಕು. ಒಣ ಹಗ್ಗಕ್ಕೆ ಕಟ್ಟಿದರೆ ನೀರಿಗಿಳಿದ ಮೇಲೆ ಐದು ಮಾರಿಗೆ ಒಂದು ಮೊಳ ಕಡಿಮೆಯಾಗುತ್ತದೆ. ಹಗ್ಗ ಐದು ಅನ್ನುತ್ತದೆ, ನೀರು ಅಷ್ಟಿರುವುದಿಲ್ಲ.

ಹಡಗು ನೆಲಕಚ್ಚುವ ಹಿಂದಿನ ದಿನ, ಆ ಶುಕ್ರವಾರ, ನಾನು ನಾರಿನ ಹೊರೆ ತರಲು ಆಚೆ ದಡಕ್ಕೆ ಹೋಗಿದ್ದೆ. ಹೋಗುವ ಮುಂಚೆ, ‘ನಾಳೆ ನೆನೆಹಾಕುತ್ತೀನಿ, ಅಲ್ಲಿವರೆಗೂ ಹೊಸ ಹಗ್ಗ ಮುಟ್ಟಬೇಡ’ ಅಂತ ನಿನಗೇ ಹೇಳಿದ್ದೆ. ನೀನು ಬಂದರಿನ ಆಫೀಸಲ್ಲಿ ಗುಮಾಸ್ತ. ಮಾರನೆಯ ಬೆಳಿಗ್ಗೆ ಹೊಸ ಸಾಹೇಬರು ಬರುವವರಿದ್ದರು, ಹೊಸ ಹಗ್ಗ ತೋರಿಸಿ ಭೇಷ್ ಅನ್ನಿಸಿಕೊಳ್ಳಬೇಕಿತ್ತು. ಒಣ ಹಗ್ಗಕ್ಕೆ ನೀನೇ ಪಟ್ಟಿ ಕಟ್ಟಿ ಭಾವನ ಕೈಗೆ ಕೊಟ್ಟೆ. ‘ಅಕ್ಕ ಕೊಟ್ಟಳು’ ಅಂದೆ. ನನ್ನ ಹೆಸರು ಕೇಳಿದ ಮೇಲೆ ಅವರು ಹಗ್ಗ ತಿರುಗಿಸಿಯೂ ನೋಡಲಿಲ್ಲ. ಬೆಳಿಗ್ಗೆ ಮಂಜಿನಲ್ಲಿ ಅವರು ಐದು ಅಂತ ಕೂಗಿದರು. ಹಡಗಿನ ಹೊಟ್ಟೆಗೂ ನೆಲಕ್ಕೂ ನಡುವೆ ಇದ್ದ ಜಾಗ ಒಂದೇ ಮೊಳ. ಆ ಮೊಳವನ್ನು ನೀನು ತಿಂದಿದ್ದೆ. ಸಿಮೆಂಟಿಗೆ ನೀರು ನುಗ್ಗಿ ಹಡಗು ಒಳಗಿಂದ ಬಂಡೆಯಾಯಿತು, ಯಾರಿಂದಲೂ ಕದಲಿಸಲಾಗಲಿಲ್ಲ. ವಿಚಾರಣೆಯಲ್ಲಿ ನೀನು, ಪಟ್ಟಿ ಕಟ್ಟಿಯೇ ಹಗ್ಗದವಳ ಮನೆಯಿಂದ ಬಂತು ಅಂದೆ. ನಾನು ಕಟ್ಟಿಲ್ಲ ಅಂದದ್ದನ್ನು ಯಾರೂ ಬರೆದುಕೊಳ್ಳಲಿಲ್ಲ. ನಿನ್ನ ಭಾವನ ಕೆಲಸ ಹೋಯಿತು. ನಿನ್ನನ್ನು ಆ ವರ್ಷವೇ ಇಂಜಿನಿಯರು ಓದಲು ಕಳಿಸಿದರು.

ಅವರು ಆಮೇಲೆ ಒಂಬತ್ತು ವರ್ಷ ಬದುಕಿದ್ದರು. ಮೂಟೆ ಹೊಲಿದರು, ಗೋದಾಮಿನ ಬಾಗಿಲು ಕಾದರು. ನೀರಿಗೆ ಬೆನ್ನು ಹಾಕಿಯೇ ಕೂರುತ್ತಿದ್ದರು. ಕೊನೆಯ ಎರಡು ವರ್ಷ ಒಂದೇ ಮಾತು: ‘ನಾನು ಪಟ್ಟಿ ಸರಿಯಾಗಿ ನೋಡಿದೆ, ಐದೇ ಇತ್ತು. ಐದೇ ಇತ್ತಲ್ವಾ?’ ಹೌದು ರೀ, ಐದೇ ಇತ್ತು ಅಂತ ನಾನು ದಿನಾ ಹೇಳುತ್ತಿದ್ದೆ.

ಅದಕ್ಕೇ ಕೇಳುತ್ತಿದ್ದೇನೆ. ಮೂರನೆಯ ಸಾಲು ತೆಗೆಸು. ಮಾರ್ಚ್ ಒಂದಕ್ಕೆ ಮುಂಚೆ ನೀನೇ ಬಂದು ಬಂದರಿನ ಮಂಡಳಿಯ ಮುಂದೆ ನಿಜ ಹೇಳು. ನಿನಗೆ ಎಪ್ಪತ್ತೆರಡು, ನನಗೆ ಎಪ್ಪತ್ತೊಂಬತ್ತು. ನಮ್ಮನ್ನು ಹಿಡಿದುಕೊಂಡು ಹೋಗಿ ಯಾರು ಏನು ಮಾಡುತ್ತಾರೆ? ನೀನು ತೆಗೆಸದಿದ್ದರೆ ನಾನು ತೆಗೆಸುತ್ತೇನೆ. ಆಗ ಕಲ್ಲಿನ ಚೂರಿನ ಜೊತೆ ಇನ್ನೂ ಏನೇನೋ ಉದುರುತ್ತದೆ.

ಎಲ್ಲರಿಗೂ ಒಳ್ಳೆಯದಾಗಲಿ. ಗುಬ್ಬಿಗೆ ಮುತ್ತು.

ನಿನ್ನ ಅಕ್ಕ

*

ಹಗ್ಗದ ಬೀದಿ
ಫೆಬ್ರವರಿ ೧೭, ಮಂಗಳವಾರ

ಚಿರಂಜೀವಿ ಮಿಡತೆಗೆ,

ನೀನು ಕಳಿಸಿದ ಕುರ್ಚಿ ತಲುಪಿತು. ಎಂಥಾ ಕುರ್ಚಿ! ಕೂತರೆ ಏಳಲಾಗುವುದಿಲ್ಲ, ಯಾರಾದರೂ ಬಂದು ಎತ್ತಬೇಕು. ಅದರ ಜೊತೆ ಬಂದ ನಿನ್ನ ಸಹಾಯಕ ಬಾಗಿಲಲ್ಲೇ ನಿಂತು, ಬಾಯಿಪಾಠ ಒಪ್ಪಿಸುವ ಹಾಗೆ, ‘ಹಳೇದನ್ನೆಲ್ಲ ಕೆದಕೋದು ಬೇಡ ಅಂತ ಸಾಹೇಬರು ಹೇಳಿದ್ದಾರೆ. ವಯಸ್ಸಾದವರು ಆರಾಮಾಗಿರಿ ಅಂತ ಹೇಳಿದ್ದಾರೆ’ ಅಂದ. ‘ಕಾಗದ ಏನಾದರೂ ಕೊಟ್ಟಿದ್ದಾರೇನಪ್ಪ?’ ಅಂತ ಕೇಳಿದೆ. ‘ಇಲ್ಲ, ಕುರ್ಚಿ ಕೊಟ್ಟಿದ್ದಾರೆ’ ಅಂದ. ಒಳ್ಳೆಯ ಹುಡುಗ, ನೀರು ಕುಡಿದು ಹೋದ.

ಯೋಚನೆ ಮಾಡಿದೆ. ನೀನು ಹೇಳಿಸಿದ್ದು ಸರಿ ಅನ್ನಿಸಿತು. ಈ ವಯಸ್ಸಿನಲ್ಲಿ ಹಟ ಕಟ್ಟಿಕೊಂಡು ಯಾವ ದೇಶ ಆಳಬೇಕು? ಕಲ್ಲು ಇದ್ದ ಹಾಗೇ ಇರಲಿ. ನನ್ನ ಹೆಸರೇನೂ ಅದರಲ್ಲಿ ಇಲ್ಲವಲ್ಲ.

ಹಳೆಯ ಸುಂಕದ ಕಟ್ಟಡದಲ್ಲಿ ಬಂದರಿನ ಸಂಗ್ರಹಾಲಯ ಮಾಡಿದ್ದಾರೆ, ನಿನಗೆ ಗೊತ್ತಿರಬೇಕು. ಅದನ್ನು ನೋಡಿಕೊಳ್ಳುವ ಹುಡುಗಿ ನನ್ನ ಹತ್ತಿರ ಬಂದಿದ್ದಳು. ಚೂಟಿ ಹುಡುಗಿ, ಕೇಳಿದ್ದನ್ನೇ ಕೇಳುತ್ತಾಳೆ, ಬರೆದದ್ದನ್ನೇ ಬರೆಯುತ್ತಾಳೆ. ಸಮಾರಂಭದ ದಿನ ವೇದಿಕೆಯ ಮೇಲೆ ಹಳೆಯ ಕಸುಬು ತೋರಿಸಿ ಅಜ್ಜಿ ಅಂದಳು. ನಾನೊಬ್ಬಳೇ ಏನು ತೋರಿಸಲಿ? ನಿಮ್ಮ ಸಾಹೇಬರೂ ಹಗ್ಗದ ಬೀದಿಯ ಕೈಯವರೇ, ಅವರೇ ಒಂದು ಗುರುತುಪಟ್ಟಿ ಕಟ್ಟಿದರೆ ಫೋಟೋ ಎಷ್ಟು ಚೆನ್ನಾಗಿ ಬರುತ್ತದೆ ಅಂದೆ. ಕುಣಿದು ಹೋದಳು. ನಿನಗೆ ಅವಳ ಪತ್ರ ಬಂದಿರುತ್ತದೆ. ಆಗಲಿ ಅನ್ನು. ನಾನು ಒಂದು ಮೂಲೆಯಲ್ಲಿ ಹಗ್ಗ ಹಿಡಿದು ನಿಂತಿರುತ್ತೇನೆ, ಬಾಯಿ ತೆರೆಯುವುದಿಲ್ಲ. ನಾನು ಯಾರು ಅಂತ ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ.

ಹಗ್ಗ ಹೊಸೆಯಲು ಶುರು ಮಾಡಿದ್ದೇನೆ. ಹಿಮ್ಮುಖವಾಗಿ ನಡೆಯಲು ಈಗ ಕೋಲು ಬೇಕು. ಕಲ್ಲು ಕೆತ್ತುವವನು ಹಿಂದೆ ನಿಂತು, ‘ಅಜ್ಜಿ, ಎಡಕ್ಕೆ ಗುಂಡಿ! ಅಜ್ಜಿ, ಸ್ಕೂಟರು!’ ಅಂತ ಕೂಗಿ ಕೂಗಿ ದಾರಿ ಹೇಳುತ್ತಾನೆ. ಹತ್ತು ಮಾರು ಸಾಕು.

ಬಿಸಿಲಿದೆ, ಟೋಪಿ ಹಾಕಿಕೊಂಡು ಬಾ. ನಿನ್ನ ಹೆಂಡತಿಯನ್ನೂ ಕರೆದುಕೊಂಡು ಬಾ.

ನಿನ್ನ ಅಕ್ಕ

*

ಹಗ್ಗದ ಬೀದಿ
ಏಪ್ರಿಲ್ ೧೨, ಭಾನುವಾರ

ಚಿರಂಜೀವಿ ಮಿಡತೆಗೆ,

ಆಶೀರ್ವಾದಗಳು. ನಿನ್ನ ರಕ್ತದೊತ್ತಡ ಇಳಿಯಿತೆಂದು ಕೇಳಿ ಸಮಾಧಾನವಾಯಿತು. ಈಗ ಮನೆಯಿಂದ ಹೊರಗೆ ಬರುವುದೇ ಇಲ್ಲವಂತೆ. ಬಂದರೆ ಕೇಳುವವರು ಕೇಳುತ್ತಾರೆ, ನಿಜ. ನಿನ್ನ ಹೆಂಡತಿ ಎರಡು ದಿನ ಊಟ ಬಿಟ್ಟಳಂತೆ. ಅವಳ ತಪ್ಪೇನೂ ಇಲ್ಲ, ನನ್ನ ಹೆಸರು ಹೇಳಿ ತಿನ್ನಿಸು. ಗುಬ್ಬಿಗೆ ಹೊಸ ಹಲ್ಲು ಕಂಡಿತೇ?

ಕಾಗದ ತಡವಾಯಿತು. ಈ ಸಲ ಆರು ವಾರ ಮಾತ್ರ. ಕೆಲಸ ಪೂರ್ತಿ ಮುಗಿಯಲಿ ಅಂತ ಕಾದೆ.

ಹಿಂದಿನ ಕಾಗದದಲ್ಲಿ ಸುಳ್ಳು ಬರೆದಿದ್ದೆ. ಹಟ ಬಿಟ್ಟೆ ಅಂದದ್ದು ಸುಳ್ಳು. ಬಾಯಿ ತೆರೆಯುವುದಿಲ್ಲ ಅಂದದ್ದೂ ಸುಳ್ಳು. ನಿನ್ನ ಕುರ್ಚಿ ಬಾಗಿಲು ದಾಟಿ ಒಳಗೆ ಬಂದ ಗಳಿಗೆಯಲ್ಲೇ ನಾನು ತೀರ್ಮಾನ ಮಾಡಿಯಾಗಿತ್ತು. ಅದನ್ನು ಕ್ಷೌರದ ಅಂಗಡಿಯವನಿಗೆ ಕೊಟ್ಟುಬಿಟ್ಟೆ. ಈಗ ಅದರಲ್ಲಿ ಕೂತು ಊರಿನವರೆಲ್ಲ ಗಡ್ಡ ಕೆರೆಸಿಕೊಳ್ಳುತ್ತಿದ್ದಾರೆ, ನಿನ್ನನ್ನು ಹೊಗಳುತ್ತ.

ಹೋದ ನವೆಂಬರಿನಲ್ಲಿ ಸಂಗ್ರಹಾಲಯ ತೆರೆದಾಗ ನಾನು ನೋಡಲು ಹೋಗಿದ್ದೆ. ಕೊನೆಯ ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ, ಆ ಹಗ್ಗ ಇತ್ತು. ಸಿಮೆಂಟು ಹಡಗಿನ ದಿನದ ಆಳದ ಹಗ್ಗ. ವಿಚಾರಣೆಯ ಕಾಲದಲ್ಲಿ ಅದನ್ನು ಮೊಹರು ಹಾಕಿ ಬೀರುವಿನಲ್ಲಿ ಇಟ್ಟಿದ್ದರು, ನನ್ನ ಕಣ್ಣಿಗೆ ಒಂದು ಸಲವೂ ತೋರಿಸಿರಲಿಲ್ಲ. ಐವತ್ತೊಂದು ವರ್ಷದ ಮೇಲೆ ಗಾಜಿಗೆ ಮೂಗು ಒತ್ತಿ ಅದರ ಪಟ್ಟಿಗಳನ್ನು ನೋಡಿದೆ. ಹಗ್ಗ ನನ್ನದು. ಗಂಟು ನನ್ನದಲ್ಲ.

ನಾನು ಎಡಚಿ. ನನ್ನ ಗಂಟಿನ ಸುತ್ತು ಎಡಕ್ಕೆ ಹೋಗುತ್ತದೆ, ಬಾಲ ಕೆಳಗೆ ಬರುತ್ತದೆ. ನೀನು ನನ್ನ ಎದುರಿಗೆ ಕೂತು ಕಲಿತವನು, ಬಲಗೈಯವನು. ಕನ್ನಡಿಯಲ್ಲಿ ಕಂಡ ಹಾಗೆ ಕಲಿತೆ. ಸುತ್ತು ಬಲಕ್ಕೆ, ಆದರೆ ಬಾಲ ಎಳೆಯುವಾಗ ತಡವರಿಸಿ ಮೇಲಕ್ಕೆ ಸಿಕ್ಕಿಸುತ್ತಿದ್ದೆ. ಹಾಗಲ್ಲೋ ಅಂತ ಎಷ್ಟು ಸಲ ಬೆರಳ ಗಿಣ್ಣಿಗೆ ಹೊಡೆದಿದ್ದೇನೆ! ನೀನು ತಿದ್ದಿಕೊಳ್ಳಲೇ ಇಲ್ಲ. ಆ ಗಂಟನ್ನು ಈ ಲೋಕದಲ್ಲಿ ಒಬ್ಬನೇ ಹಾಕುತ್ತಾನೆ. ಆದರೆ ಮುದುಕಿಯೊಬ್ಬಳು ಹಾಗೆ ಅಂದರೆ ಯಾರು ನಂಬುತ್ತಾರೆ? ನೀನೇ ಎಲ್ಲರ ಮುಂದೆ ಹಾಕಬೇಕಿತ್ತು. ಅದಕ್ಕೇ ನಿನ್ನನ್ನು ವೇದಿಕೆಗೆ ಕರೆಸಿದ್ದು.

ನೀನು ಅಲ್ಲೇ ಇದ್ದೆ, ಆದರೂ ನಾನು ಕಂಡದ್ದನ್ನು ಬರೆಯುತ್ತೇನೆ. ನಿನಗೆ ಕ್ಯಾಮೆರಾಗಳು ಕಂಡವು. ನನಗೆ ನಿನ್ನ ಬೆರಳು ಕಂಡವು.

ಬಿಳಿ ಬಟ್ಟೆ ಹೊದಿಸಿದ ಕಲ್ಲು ಪಕ್ಕದಲ್ಲಿ. ವೇದಿಕೆಯ ಹಲಗೆಯ ಮೇಲೆ ಸಂಗ್ರಹಾಲಯದ ಹುಡುಗಿ ಐದು ಮಾರಿಗೆ ಸುಣ್ಣದ ಗೆರೆ ಎಳೆದಿದ್ದಳು. ನೀನು ಕೋಟು ಬಿಚ್ಚಿ ಸಹಾಯಕನ ಕೈಗೆ ಕೊಟ್ಟು, ತೋಳು ಮಡಚಿ, ‘ಇವು ಹಗ್ಗ ಹೊಸೆದ ಕೈಗಳು’ ಅಂದೆ. ಚಪ್ಪಾಳೆ. ನನ್ನ ಕಡೆ ತಿರುಗಿದೆ. ಐವತ್ತೊಂದು ವರ್ಷದ ಮೇಲೆ ಮೂರು ಅಡಿ ದೂರದಲ್ಲಿ ನಿನ್ನ ಮುಖ ನೋಡಿದೆ. ಅಪ್ಪನ ಮೂಗು, ಅಮ್ಮನ ಕಿವಿ.

ಮೈಕಿನ ಮುಂದೆಯೇ ಕೇಳಿದೆ, ಎಲ್ಲರಿಗೂ ಕೇಳಿಸಲಿ ಅಂತ, ‘ಸಾಹೇಬರೇ, ಹಗ್ಗ ಇನ್ನೂ ಒಣಗಿದೆ. ನೆನೆಸದೆ ಕಟ್ಟಬಹುದಾ?’

ನೀನು ನಕ್ಕೆ. ‘ಪರವಾಗಿಲ್ಲಮ್ಮ, ಯಾರಿಗೆ ಗೊತ್ತಾಗುತ್ತೆ!’ ಅಂದೆ. ಜನ ನಕ್ಕರು. ನಾನೂ ನಕ್ಕೆ. ಅಷ್ಟು ಸಲೀಸಾಗಿ ಆ ಮಾತು ನಿನ್ನ ಬಾಯಿಂದ ಬರುತ್ತದೆ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ. ಬಂಗಾರದ ಬಾಯಿ ನಿನ್ನದು.

ನೀನು ಕೆಂಪು ಪಟ್ಟಿ ತೆಗೆದುಕೊಂಡು, ಹಗ್ಗವನ್ನು ಐದು ಮಾರಿನ ಗೆರೆಗೆ ಸರಿಯಾಗಿ ಹಿಡಿದು ಕಟ್ಟತೊಡಗಿದೆ. ಸುತ್ತು ಬಲಕ್ಕೆ ಹೋಯಿತು. ಬಾಲ ಎಳೆಯುವಾಗ ಬೆರಳು ತಡವರಿಸಿತು. ನಾನು ಬಗ್ಗಿ ನೋಡಿದೆ, ಈ ಮುದುಕ ಎಲ್ಲಿ ಈಗ ಸರಿಯಾಗಿ ಕಲಿತುಬಿಟ್ಟಿದ್ದಾನೋ ಅಂತ. ಇಲ್ಲ. ಮೇಲಕ್ಕೇ ಸಿಕ್ಕಿಸಿದೆ. ಶಭಾಷ್ ಮಗನೇ ಅಂದುಕೊಂಡೆ.

ಕಲ್ಲಿನ ಬಟ್ಟೆ ಸರಿಸಿದಿರಿ, ನಗರಾಧ್ಯಕ್ಷರು ಭಾಷಣ ಶುರು ಮಾಡಿದರು. ಅಷ್ಟು ಹೊತ್ತೂ ನಾನು ನೀನು ಕಟ್ಟಿದ ಹಗ್ಗವನ್ನು ಪಕ್ಕದ ತೊಟ್ಟಿಯಲ್ಲಿ ಮುಳುಗಿಸಿ ಇಟ್ಟಿದ್ದೆ. ಅವರ ಭಾಷಣ ಅಂದರೆ ಗೊತ್ತಲ್ಲ, ಹಗ್ಗ ಏನು, ಹಡಗೇ ನೆನೆದು ಹೋಗುತ್ತದೆ. ಮುಕ್ಕಾಲು ಗಂಟೆ ಮಾತಾಡಿದರು. ಅಷ್ಟು ಸಾಕೋ ಇಲ್ಲವೋ ಅಂತ ನನಗೆ ಭಯ ಇತ್ತು, ಅದಕ್ಕೇ ಬಿಸಿನೀರು ಹಾಕಿಸಿದ್ದೆ. ಅವರು ಮುಗಿಸಿದ ಕೂಡಲೆ ಆ ಹುಡುಗಿ, ‘ಈಗ ಅಜ್ಜಿ ಒಂದು ಸಣ್ಣ ಪ್ರಯೋಗ ತೋರಿಸುತ್ತಾರೆ’ ಅಂದಳು. ಕಲ್ಲು ಕೆತ್ತುವವನೂ ನಾನೂ ಹಗ್ಗ ಎತ್ತಿ, ಸುಣ್ಣದ ಗೆರೆಯಿಂದ ಗೆರೆಗೆ ಎಳೆದೆವು. ನಿನ್ನ ಕೆಂಪು ಪಟ್ಟಿ ಗೆರೆ ಮುಟ್ಟಲಿಲ್ಲ. ನಾನು ಮೊಳಕೈ ಊರಿ ಅಳೆದೆ. ಸರಿಯಾಗಿ ಒಂದು ಮೊಳ.

‘ಇದೇ ಆ ಹಡಗು ನಿಂತ ಕಥೆ’ ಅಂದೆ. ‘ಒಣ ಹಗ್ಗಕ್ಕೆ ಪಟ್ಟಿ ಕಟ್ಟಿದ್ದರು. ಕೂಗಿದವರು ಕಂಡದ್ದನ್ನೇ ಕೂಗಿದರು. ಈಗ ಪೆಟ್ಟಿಗೆ ತೆಗೆಯಮ್ಮ.’

ಹಳೆಯ ಹಗ್ಗವನ್ನೂ ಪಕ್ಕದಲ್ಲಿಟ್ಟು ತೋರಿಸೋಣ ಅಂತ ನಾನು ಹೇಳಿದ್ದಕ್ಕೆ ಅವಳು ಗಾಜಿನ ಪೆಟ್ಟಿಗೆಯನ್ನು ವೇದಿಕೆಗೇ ತರಿಸಿದ್ದಳು. ಬೀಗ ತೆಗೆದು ಹಳೆಯ ಹಗ್ಗವನ್ನು ನಿನ್ನ ಹಗ್ಗದ ಪಕ್ಕದಲ್ಲಿ ಮಲಗಿಸಿದಳು. ನಾನು ಒಂದು ಪಟ್ಟಿಯನ್ನು ಎಡಗೈಯಲ್ಲಿ ಕಟ್ಟಿ ಮೂರನೆಯದಾಗಿ ಇಟ್ಟೆ. ನಾನೇನೂ ವಿವರಿಸಲಿಲ್ಲ. ಮುಂದಿನ ಸಾಲಿನವರು ಎದ್ದು ಬಂದು ಬಗ್ಗಿ ನೋಡಿದರು. ಕಲ್ಲು ಕೆತ್ತುವವನೇ ಮೊದಲು ಬಾಯಿ ಬಿಟ್ಟದ್ದು. ‘ಅಯ್ಯೋ, ಅಜ್ಜಿಯ ಗಂಟು ಬೇರೆ. ಈ ಎರಡೂ ಒಬ್ಬರದೇ!’ ಅಂದ. ಆಮೇಲೆ ಎಲ್ಲರೂ ಒಟ್ಟಿಗೆ ನಿನ್ನ ಕಡೆ ತಿರುಗಿದರು. ಆ ತಿರುಗಿದ ಸದ್ದು, ಕುರ್ಚಿಗಳ ಕಿರ್ ಅನ್ನುವ ಸದ್ದು, ನನಗೆ ಇನ್ನೂ ಕಿವಿಯಲ್ಲಿದೆ. ಬೇಕೆಂದಾಗ ತೆಗೆದು ಕೇಳುತ್ತೇನೆ.

ನೀನು ಕೋಟು ಕೂಡ ಹಾಕಿಕೊಳ್ಳದೆ ಕಾರು ಹತ್ತಿದೆ. ಮುಂದಿನದು ನಿನಗೆ ಗೊತ್ತಿಲ್ಲ, ಕೇಳು. ಬಂದರಿನ ಮಂಡಳಿ ಮೂರು ಸಲ ಸಭೆ ಸೇರಿತು. ಮೂರು ಸಲವೂ ನಿನ್ನನ್ನು ಕರೆದರು, ನೀನು ಬರಲಿಲ್ಲ. ಮೂರನೆಯ ಸಭೆಯಲ್ಲಿ ಹಳೆಯ ತೀರ್ಪು ತಪ್ಪು ಅಂತ ಬರೆದು ಸಹಿ ಹಾಕಿದರು. ಪ್ರತಿ ನನ್ನ ಹತ್ತಿರ ಇದೆ. ನಿನ್ನ ಭಾವನ ಫೋಟೋದ ಮುಂದೆ ಗಟ್ಟಿಯಾಗಿ ಓದಿದೆ, ಗಂಟಲು ಹರಿಯುವ ಹಾಗೆ. ಪಕ್ಕದ ಮನೆಯವರು ಏನಾಯಿತು ಅಂತ ಓಡಿ ಬಂದರು.

ಕಲ್ಲನ್ನು ಬಿಚ್ಚಿ ಮತ್ತೆ ನಮ್ಮ ಬೀದಿಗೇ ತಂದರು. ಮೂರನೆಯ ಸಾಲನ್ನೂ ಅದರ ಕೆಳಗಿನದನ್ನೂ ಕೆರೆದು, ಏನು ಬರೆಯಬೇಕು ಅಂತ ನನ್ನನ್ನೇ ಕೇಳಿದರು. ನಾನು ಎರಡು ಹಾಳೆ ಬರೆದುಕೊಂಡು ಹೋಗಿದ್ದೆ. ಕೆತ್ತುವವನು ತಲೆ ಚಚ್ಚಿಕೊಂಡ. ‘ಅಜ್ಜಿ, ಇಷ್ಟೆಲ್ಲ ಹಿಡಿಸೋಕೆ ಇನ್ನೊಂದು ಕೊಲ್ಲಿ ತುಂಬಿಸಬೇಕು. ಎರಡೂವರೆ ಸಾಲು ಜಾಗ ಇದೆ, ಅಷ್ಟರಲ್ಲಿ ಹೇಳಿ.’ ‘ದ್ರೋಹಿ ಅನ್ನೋ ಮಾತು ಹಾಕು’ ಅಂದೆ. ‘ಮಂಡಳಿಯವರು ಒಪ್ಪಲ್ಲ.’ ‘ಸುಳ್ಳುಗಾರ?’ ‘ಅದನ್ನೂ ಒಪ್ಪಲ್ಲ.’ ಮಧ್ಯಾಹ್ನವೆಲ್ಲ ಕೂತು ಒಂದೊಂದೇ ಮಾತು ಕಿತ್ತು ಹಾಕಿದೆವು. ಕೊನೆಗೆ ಉಳಿದದ್ದು ಇಷ್ಟು:

‘ಒಣ ಹಗ್ಗಕ್ಕೆ ಗುರುತು ಕಟ್ಟಿದ್ದರಿಂದ ಹಡಗು ನಿಂತಿತು. ಕಟ್ಟಿದವನು ಗುಮಾಸ್ತ. ಆಳ ಕೂಗಿದವನು ಕಂಡದ್ದನ್ನೇ ಕೂಗಿದ.’

ನಿನ್ನ ಬಿರುದುಗಳು ಇದ್ದ ಸಾಲುಗಳನ್ನೂ ಮಂಡಳಿಯವರೇ ತೆಗೆಸಿದರು, ನಾನು ಕೇಳಿರಲಿಲ್ಲ. ಆದ್ದರಿಂದ ಆ ಕಲ್ಲಿನಲ್ಲಿ ನೀನು ಇರುವುದು ಒಂದೇ ಕಡೆ, ಗುಮಾಸ್ತ ಅಂತ. ಕಲ್ಲು ಇರುವವರೆಗೂ ನೀನು ಗುಮಾಸ್ತನೇ. ಹೊಸದಡ ಮುಳುಗಿದರೂ ಕಲ್ಲು ಮೇಲೆ ಇರಲಿ ಅಂತ ಎತ್ತರದ ಕಡೆ ನೆಡಿಸಿದ್ದೇನೆ.

ಸಂಜೆ ಹೊತ್ತು ಅಲ್ಲಿ ಹೋಗಿ ಕೂರುತ್ತೇನೆ. ಮಕ್ಕಳು ಅಕ್ಷರ ಕೂಡಿಸಿ ಕೂಡಿಸಿ ಓದುತ್ತವೆ. ಗು-ಮಾ-ಸ್ತ. ಗುಬ್ಬಿಗೆ ಓದಲು ಬಂದ ಮೇಲೆ ಅವಳನ್ನೂ ಕಳಿಸು.

ನನಗೆ ಪಶ್ಚಾತ್ತಾಪ ಇದೆಯಾ ಅಂತ ಕೇಳುತ್ತೀಯೇನೋ. ಇಲ್ಲ. ಹಸಿವು ಚೆನ್ನಾಗಿದೆ, ನಿದ್ದೆ ಚೆನ್ನಾಗಿದೆ. ಮಂಡಿ ಕೂಡ ಮೊದಲಿಗಿಂತ ಸಲೀಸಾಗಿ ಮಡಚುತ್ತದೆ.

ನಿನ್ನ ಹೆಂಡತಿ ಮಕ್ಕಳು ಮೊಮ್ಮಗಳು ನೂರು ವರ್ಷ ಚೆನ್ನಾಗಿರಲಿ. ನೀನೂ ಬಹಳ ವರ್ಷ ಬದುಕು. ಮನಸಾರೆ ಹೇಳುತ್ತಿದ್ದೇನೆ, ಬಹಳ ವರ್ಷ ಬದುಕು, ಕಣ್ಣು ಚೆನ್ನಾಗಿರಲಿ, ಕಿವಿ ಚೆನ್ನಾಗಿರಲಿ.

ನಿನ್ನ ಅಕ್ಕ

ಮರೆತದ್ದು: ಒಂದು ಮಾತು ಬಿಟ್ಟುಹೋಯಿತು. ಬಿಟ್ಟುಹೋಗಲಿಲ್ಲ, ಬರೆಯಲು ಮನಸ್ಸು ಬರಲಿಲ್ಲ. ಕಲ್ಲಿನ ಸಾಲಿಗಾಗಿ ಇಷ್ಟೆಲ್ಲ ಮಾಡಿದೆ ಅಂತ ಊರೆಲ್ಲ ಅಂದುಕೊಂಡಿದೆ. ನಿನ್ನ ಭಾವನಿಗಾಗಿ ಅಂತ ನಾನೂ ಅಂದುಕೊಂಡಿದ್ದೆ. ಒಣ ಹಗ್ಗಕ್ಕೆ ಪಟ್ಟಿ ಕಟ್ಟಿದ್ದನ್ನು ನಾನು ಯಾವತ್ತೋ ಕ್ಷಮಿಸಿಬಿಡುತ್ತಿದ್ದೆ. ಇಪ್ಪತ್ತೊಂದು ವರ್ಷದವನು, ಅವಸರ ಮಾಡಿದ, ಹೆದರಿದ. ಸುಳ್ಳು ಹೇಳಿದ್ದನ್ನೂ ಕ್ಷಮಿಸುತ್ತಿದ್ದೆ. ವಿಚಾರಣೆಯ ಕೋಣೆಯಲ್ಲಿ ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು, ನೀನು ಮೇಜಿನ ಪಕ್ಕ ನಿಂತಿದ್ದೆ, ನಾನು ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಸಾಹೇಬರು ನನ್ನ ಕಡೆ ಬೆರಳು ತೋರಿಸಿ, ‘ಈ ಹೆಂಗಸು ನಿನಗೆ ಏನಾಗಬೇಕು?’ ಅಂತ ಕೇಳಿದರು. ನೀನು ನನ್ನ ಮುಖ ನೋಡಿಕೊಂಡೇ, ‘ಏನೂ ಆಗಬೇಕಿಲ್ಲ ಸಾರ್’ ಅಂದೆ.

ಮಾರ್ಚ್ ಒಂದರಂದು ನಿನ್ನ ಕಾರು ಹೋದ ಮೇಲೆ ಪತ್ರಿಕೆಯವಳೊಬ್ಬಳು ಬಂದು, ‘ಅಜ್ಜಿ, ಅವರ ಗಂಟು ಹೀಗೇ ಇರುತ್ತೆ ಅಂತ ನಿಮಗೆ ಹೇಗೆ ಗೊತ್ತಿತ್ತು? ಅವರು ನಿಮಗೆ ಏನಾಗಬೇಕು?’ ಅಂದಳು. ನಾನು ಅವಳ ಮುಖ ನೋಡಿಕೊಂಡೇ, ‘ಏನೂ ಆಗಬೇಕಿಲ್ಲಮ್ಮ’ ಅಂದೆ. ಐವತ್ತೊಂದು ವರ್ಷ ಆ ಉತ್ತರವನ್ನು ಬಾಯಲ್ಲಿ ಇಟ್ಟುಕೊಂಡಿದ್ದೆ. ಹೇಳಿದ ಮೇಲೆ ಬಾಯಿ ತೊಳೆದುಕೊಂಡೆ, ಎರಡು ಸಲ.

ಪತ್ರಿಕೆಯವಳು ಬರುವ ವಾರ ಮತ್ತೆ ಬರುತ್ತಾಳಂತೆ, ಪುಸ್ತಕ ಬರೆಯುತ್ತ ಇದ್ದಾಳೆ. ಅದೇ ಪ್ರಶ್ನೆ ಮತ್ತೆ ಕೇಳುತ್ತಾಳೆ. ಏನು ಹೇಳಲಿ, ನೀನೇ ಬರೆದು ತಿಳಿಸು. ಸಹಾಯಕನ ಕೈಯಲ್ಲಿ ಬರೆಸಬೇಡ. ಬೇಗ ಬರೆ.